ಕರಾಟೆ ಕಲಿತರೆ ಉಬ್ಬಸ ಹೋದೀತೇ?

ಕಳೆದ ತಿಂಗಳು ದಂಪತಿಯೊಬ್ಬರು ತಮ್ಮ ಒಂಬತ್ತು ವರ್ಷದ ಮಗನನ್ನು ನನ್ನ ಬಳಿ ಕರೆತಂದಿದ್ದರು. ಹುಡುಗನಿಗೆ ಎರಡು ವರ್ಷಗಳಿಂದ ಉಬ್ಬಸ. ಬೆಳಿಗ್ಗೆ ಮತ್ತು ರಾತ್ರಿ ಇನ್‌ಹೇಲರ್ ತೆಗೆದುಕೊಳ್ಳುತ್ತಾನೆ, ಕಾಯಿಲೆ ಹತೋಟಿಯಲ್ಲಿದೆ. "ಡಾಕ್ಟ್ರೇ, ಇವನನ್ನು ಕರಾಟೆಗೆ ಸೇರಿಸೋಣ ಅಂತಿದ್ದೇವೆ. ಆಮೇಲೆ ಈ ಇನ್‌ಹೇಲರ್ ನಿಲ್ಲಿಸಬಹುದಲ್ಲ?" ಎಂದು ತಂದೆ ಕೇಳಿದರು. ಮೊದಲನೆಯದಕ್ಕೆ ಧಾರಾಳವಾಗಿ ಹೂಂ ಎಂದೆ, ಎರಡನೆಯದಕ್ಕೆ ಕೂಡದು ಎಂದೆ. ಅವರ ಮುಖ ಸಪ್ಪಗಾಯಿತು. ಕರಾಟೆಯಿಂದಲೇ ರೋಗ ಹೋಯಿತೆಂದು ಯಾರೋ ಹೇಳಿದ್ದನ್ನು ಅವರು ಕೇಳಿದ್ದರು.

ಆ ನಂಬಿಕೆಗೆ ಆಧಾರವಿಲ್ಲದೆ ಇಲ್ಲ. ಜಪಾನಿನ ದಕ್ಷಿಣಕ್ಕಿರುವ ಒಕಿನಾವಾ ದ್ವೀಪದ ಶೂರಿ ಪಟ್ಟಣದಲ್ಲಿ 1868ರಲ್ಲಿ ಗಿಚಿನ್ ಫುನಾಕೋಶಿ ಎಂಬ ಮಗು ದಿನ ತುಂಬುವ ಮೊದಲೇ ಹುಟ್ಟಿತು. ಬಹಳ ದಿನ ಬದುಕಲಾರದು ಎಂದೇ ಮನೆಯವರು ಭಾವಿಸಿದ್ದರು. ತಾಯಿಯ ತವರಿನಲ್ಲಿ ಬೆಳೆದ ಹುಡುಗ ಪದೇ ಪದೇ ಕಾಯಿಲೆ ಬೀಳುತ್ತಿದ್ದ. ಅವನ ಸಹಪಾಠಿಯೊಬ್ಬನ ತಂದೆ ಅಂಕೋ ಅಜಾಟೊ ಕರಾಟೆಯ ದೊಡ್ಡ ಗುರು. ಆ ಕಾಲದಲ್ಲಿ ಈ ವಿದ್ಯೆಯನ್ನು ಗುಟ್ಟಾಗಿ ಕಲಿಸುತ್ತಿದ್ದರು. ಹುಡುಗ ರಾತ್ರಿ ಹೊತ್ತು ಗುರುವಿನ ಮನೆಯ ಅಂಗಳಕ್ಕೆ ಹೋಗಿ ಅಭ್ಯಾಸ ಮಾಡುತ್ತಿದ್ದ. ಒಂದೇ ಕಟಾವನ್ನು, ಅಂದರೆ ಒಂದೇ ಕ್ರಮದ ಚಲನೆಗಳನ್ನು, ತಿಂಗಳುಗಟ್ಟಲೆ ಮಾಡಿಸಿದರು. ಮೂರು ಕಟಾಗಳಿಗೆ ಹತ್ತು ವರ್ಷ ಹಿಡಿಯಿತು! ಮೂರು ತಿಂಗಳಿಗೊಂದು ಬೆಲ್ಟ್ ಬಯಸುವ ನಮ್ಮ ಪೋಷಕರು ಇದನ್ನು ಗಮನಿಸಬೇಕು.

ಒಂದೆರಡು ವರ್ಷಗಳಲ್ಲಿ ಹುಡುಗನ ಮೈ ಗಟ್ಟಿಯಾಯಿತು. ಮುಂದೆ ಆತ ವೈದ್ಯನಾಗಬೇಕೆಂದು ಹುಟ್ಟಿದ ವರ್ಷವನ್ನು 1870 ಎಂದು ತಿದ್ದಿಸಿ ಪ್ರವೇಶ ಪರೀಕ್ಷೆಯಲ್ಲಿ ತೇರ್ಗಡೆಯಾದ. ಆದರೆ ಜುಟ್ಟು ಕತ್ತರಿಸಲು ಮನೆಯವರು ಒಪ್ಪದ್ದರಿಂದ ವೈದ್ಯಶಾಲೆ ಸೇರಲಾಗಲಿಲ್ಲ. ನಮ್ಮ ವೃತ್ತಿಗೆ ತಪ್ಪಿದ್ದು ಕರಾಟೆಗೆ ಸಿಕ್ಕಿತು. ಅವರು ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಶಾಲಾ ಮಾಸ್ತರರಾಗಿದ್ದು, 1922ರಲ್ಲಿ ಟೋಕಿಯೊಗೆ ಹೋಗಿ ಕರಾಟೆಯ ಪ್ರಾತ್ಯಕ್ಷಿಕೆ ಕೊಟ್ಟು ಅಲ್ಲೇ ನೆಲೆಸಿದರು. ಆಗ ಅವರ ವಯಸ್ಸು ಐವತ್ಮೂರು. ವಿದ್ಯಾರ್ಥಿನಿಲಯವೊಂದರಲ್ಲಿ ಹಗಲು ಕಸ ಗುಡಿಸಿ, ತೋಟ ನೋಡಿಕೊಂಡು, ಸಂಜೆ ಪಾಠ ಹೇಳುತ್ತಿದ್ದರು. 1957ರಲ್ಲಿ ತೀರಿಕೊಂಡಾಗ ಅವರಿಗೆ ಎಂಬತ್ತೆಂಟು ವರ್ಷ.

ಈ ಕಥೆಯನ್ನು ಎಲ್ಲರೂ ಇಲ್ಲಿಗೇ ನಿಲ್ಲಿಸುತ್ತಾರೆ. ಅವರ ಮಗ ಗಿಗೋ ಕೂಡ ಕರಾಟೆ ಗುರು. ಇಂದಿನ ಶೋಟೊಕಾನ್ ಶೈಲಿಯಲ್ಲಿ ಕಾಣುವ ತಗ್ಗಿದ ನಿಲುವು, ಎತ್ತರದ ಒದೆತಗಳಲ್ಲಿ ಆತನ ಕೈವಾಡ ಬಹಳ. ಆದರೆ ಆತನಿಗೆ ಬಾಲ್ಯದಲ್ಲೇ ಕ್ಷಯ ಅಂಟಿತ್ತು. ತಂದೆಯಂತೆಯೇ ದಿನವೂ ಬೆವರು ಸುರಿಸಿದರೂ ರೋಗ ಬಿಡಲಿಲ್ಲ. 1945ರಲ್ಲಿ, ನಲವತ್ತು ತುಂಬುವ ಮೊದಲೇ ಗಿಗೋ ಕಣ್ಮುಚ್ಚಿದ. ಕ್ಷಯಕ್ಕೆ ಮದ್ದಾದ ಸ್ಟ್ರೆಪ್ಟೋಮೈಸಿನ್ ಅದಕ್ಕೆ ಎರಡು ವರ್ಷ ಮೊದಲು ಅಮೆರಿಕದಲ್ಲಿ ಪತ್ತೆಯಾಗಿತ್ತು. ಯುದ್ಧದಲ್ಲಿ ಬೆಂದ ಜಪಾನಿಗೆ ಅದು ಇನ್ನೂ ಬಂದಿರಲಿಲ್ಲ. ಇದನ್ನು ನೆನೆದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ.

ಒಂದೇ ವಿದ್ಯೆ ತಂದೆಗೆ ಫಲಿಸಿ ಮಗನಿಗೇಕೆ ಫಲಿಸಲಿಲ್ಲ? ವ್ಯಾಯಾಮದಿಂದ ಸ್ನಾಯುಗಳು ಬಲಿಯುತ್ತವೆ, ಮೂಳೆ ಗಟ್ಟಿಯಾಗುತ್ತದೆ, ಹೃದಯ ಒಂದೊಂದು ಬಡಿತಕ್ಕೂ ಹೆಚ್ಚು ರಕ್ತ ನೂಕುತ್ತದೆ, ಹಸಿವು ನಿದ್ರೆಗಳು ಸರಿಹೋಗುತ್ತವೆ. ಪೀಚಲು ಮಗುವಿಗೆ ಇದೇ ಪುನರ್ಜನ್ಮ. ಆದರೆ ಶ್ವಾಸಕೋಶದಲ್ಲಿ ಬೀಡುಬಿಟ್ಟ ಕ್ಷಯದ ಕ್ರಿಮಿಯನ್ನು ಯಾವ ಒದೆತವೂ ಓಡಿಸದು. ಎರಡು ವಾರ ಮೀರಿದ ಕೆಮ್ಮು, ಸಂಜೆಯ ಜ್ವರ, ತೂಕ ಇಳಿಕೆ ಇದ್ದರೆ ಕಫ ಪರೀಕ್ಷೆ ಮಾಡಿಸಲೇಬೇಕು. ಸರ್ಕಾರಿ ಆಸ್ಪತ್ರೆಗಳಲ್ಲಿ ಪರೀಕ್ಷೆಯೂ ಔಷಧಿಯೂ ಉಚಿತ.

ಉಬ್ಬಸದ ಮಾತಿಗೆ ಬರೋಣ. ಉಬ್ಬಸದಲ್ಲಿ ಶ್ವಾಸನಾಳಗಳ ಒಳಪದರ ಸದಾ ಊದಿಕೊಂಡಿರುತ್ತದೆ. ದಿನನಿತ್ಯದ ಇನ್‌ಹೇಲರ್ ಈ ಊತವನ್ನು ತಗ್ಗಿಸುವುದರಿಂದಲೇ ಮಗು ಓಡಾಡಿಕೊಂಡಿರುತ್ತದೆ. 'ಈಗ ಚೆನ್ನಾಗಿದ್ದಾನೆ' ಎಂದು ಅದನ್ನು ನಿಲ್ಲಿಸಿದರೆ ಕೆಲವು ವಾರಗಳಲ್ಲಿ ಊತ ಮರಳಬಹುದು. ರಭಸದ ವ್ಯಾಯಾಮದಲ್ಲಿ ಬಾಯಿಯಿಂದ ಬೇಗ ಬೇಗ ಉಸಿರಾಡುವಾಗ ನಾಳಗಳು ಒಣಗಿ ಬಿಗಿಯುತ್ತವೆ, ಮಧ್ಯರಾತ್ರಿ ಆಸ್ಪತ್ರೆಗೆ ಓಡುವ ಪ್ರಸಂಗವೂ ಬಂದೀತು. ಡೋಸ್ ಕಡಿಮೆ ಮಾಡುವುದಿದ್ದರೆ ಅದನ್ನು ವೈದ್ಯರು ಪರೀಕ್ಷಿಸಿ, ಹಂತಹಂತವಾಗಿ ಮಾಡಬೇಕು. ಹಾಗೆಂದು ಮಗುವನ್ನು ಮೂಲೆಯಲ್ಲಿ ಕೂರಿಸುವುದೂ ತಪ್ಪು. ಹತ್ತು ಹದಿನೈದು ನಿಮಿಷ ನಿಧಾನವಾಗಿ ಮೈ ಬಿಸಿ ಮಾಡಿಕೊಂಡು ಆರಂಭಿಸಿದರೆ ಬಹುಪಾಲು ಮಕ್ಕಳು ಸಲೀಸಾಗಿ ಆಡುತ್ತಾರೆ.

ಬೆಳೆಯುವ ಮಕ್ಕಳಿಗೆ ಹಲಗೆ, ಹೆಂಚು ಒಡೆಸುವುದು ಬೇಡ. ಮೂಳೆಯ ತುದಿಯ ಬೆಳವಣಿಗೆಯ ಭಾಗ ಇನ್ನೂ ಮೃದುವಾಗಿರುತ್ತದೆ. ತಲೆಗೆ ಪೆಟ್ಟಾದರೆ 'ಏನಾಗಲ್ಲ, ಏಳು' ಎನ್ನದೆ ಆ ದಿನ ಆಟ ನಿಲ್ಲಿಸಿ ವೈದ್ಯರಿಗೆ ತೋರಿಸಿ. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನ ಕರಾಟೆ ಫೈನಲ್ ಒಂದರಲ್ಲಿ ಎದುರಾಳಿಯ ತಲೆಗೆ ಜೋರಾಗಿ ಒದ್ದು ಪ್ರಜ್ಞೆ ತಪ್ಪಿಸಿದವನೇ ಅನರ್ಹನಾದ, ಬಿದ್ದವನಿಗೆ ಚಿನ್ನ ಸಿಕ್ಕಿತು. ನಲವತ್ತು ದಾಟಿ ಕಲಿಯಹೊರಟವರು ಮೊದಲು ರಕ್ತದೊತ್ತಡ, ಸಕ್ಕರೆ ನೋಡಿಸಿಕೊಳ್ಳಲಿ. ಉಸಿರು ಬಿಗಿಹಿಡಿದು ಮೈ ಸೆಟೆಸಿದರೆ ರಕ್ತದೊತ್ತಡ ಥಟ್ಟನೆ ಏರುತ್ತದೆ.

ಆ ಹುಡುಗ ಈಗ ವಾರಕ್ಕೆ ಮೂರು ಸಂಜೆ ಕ್ಲಾಸಿಗೆ ಹೋಗುತ್ತಿದ್ದಾನೆ. ಉಸಿರುಗಟ್ಟಿದಾಗ ಬಳಸುವ ಇನ್‌ಹೇಲರ್ ಅವನ ಚೀಲದಲ್ಲಿರುತ್ತದೆ. ಅದನ್ನು ಬಳಸುವ ಬಗೆಯನ್ನು ಅವರ ತರಬೇತುದಾರರು ನನ್ನ ಬಳಿಯೇ ಬಂದು ಕಲಿತು ಹೋದರು.