ಇಲ್ಲದ ಮನೆಯ ಕಾರ್ಡು ಸಿಕ್ಕಿದ್ದು ಹೀಗೆ

ಬೋಗಸ್ ರೇಷನ್ ಕಾರ್ಡಿಗೆ ದೂರುದಾರರೇ ಇರುವುದಿಲ್ಲ. ಅಕ್ಕಿ ಕಡಿಮೆ ತೂಗಿದರೆ ಸೊಸೈಟಿ ಮುಂದೆ ಸರದಿಯಲ್ಲಿ ನಿಂತ ಹೆಣ್ಣುಮಗಳು ಕೇಳಿಯಾಳು. ಇಲ್ಲದ ಕುಟುಂಬದ ಪಾಲು ಹೊರಗೆ ಮಾರಾಟವಾದರೆ ಕೇಳುವವರು ಯಾರು? ಕಾರ್ಡಿನ ಮೇಲೆ ಮೊಹರಿದೆ, ಅಧಿಕಾರಿಯ ಸಹಿ ಇದೆ, ಅಂಗಡಿಯ ರಿಜಿಸ್ಟರಿನಲ್ಲಿ ತಿಂಗಳು ತಿಂಗಳೂ ಅಕ್ಕಿ ಕೊಟ್ಟ ಲೆಕ್ಕವಿದೆ. ಒಂದೇ ಪುಸ್ತಕ ನೋಡಿದವರಿಗೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಕಳವು ಹೊರಬಿದ್ದದ್ದು ಎರಡು ಪುಸ್ತಕಗಳನ್ನು ಪಕ್ಕಪಕ್ಕ ಇಟ್ಟು ನೋಡಿದಾಗ.

ಈ ಹುಡುಕಾಟಕ್ಕೆ ಬಲ ಬಂದದ್ದು ದೂರದ ರಾಜಸ್ಥಾನದಿಂದ. 2001ರಲ್ಲಿ ಅಲ್ಲಿ ಬರ. ಜನ ಹಸಿದಿದ್ದರು, ಜೈಪುರದ ಹತ್ತಿರ ಭಾರತೀಯ ಆಹಾರ ನಿಗಮದ ಗೋದಾಮುಗಳಲ್ಲಿ ಧಾನ್ಯ ತುಂಬಿ ತುಳುಕುತ್ತಿತ್ತು. ನಾಗರಿಕ ಹಕ್ಕುಗಳ ಸಂಘಟನೆ ಪಿಯುಸಿಎಲ್ ಸುಪ್ರೀಂ ಕೋರ್ಟಿಗೆ ಹೋಯಿತು. ರಿಟ್ ಅರ್ಜಿ ಸಂಖ್ಯೆ 196. ಧಾನ್ಯವಿದ್ದೂ ಬಡವರಿಗೆ ತಲುಪುತ್ತಿಲ್ಲವೆಂದರೆ ನಡುವೆ ಎಲ್ಲಿ ಸೋರುತ್ತಿದೆ ಎಂಬ ಪ್ರಶ್ನೆ ಅಲ್ಲಿಂದ ಕೋರ್ಟಿನ ಪ್ರಶ್ನೆಯೂ ಆಯಿತು. 2003ರ ಮೇ 2ರ ಆದೇಶ ಸ್ಪಷ್ಟವಾಗಿತ್ತು: ಬಿಪಿಎಲ್ ಕುಟುಂಬಗಳ ಕಾರ್ಡುಗಳನ್ನು ತಾನೇ ಇಟ್ಟುಕೊಳ್ಳುವ, ಅವುಗಳಲ್ಲಿ ಸುಳ್ಳು ನಮೂದು ಬರೆಯುವ, ಧಾನ್ಯವನ್ನು ಕಾಳಸಂತೆಗೆ ಸಾಗಿಸುವ ಅಂಗಡಿಯ ಲೈಸೆನ್ಸ್ ರದ್ದಾಗಬೇಕು. 2006ರ ಜುಲೈನಲ್ಲಿ ಅದೇ ಮೊಕದ್ದಮೆಯಲ್ಲಿ ಕೋರ್ಟು ನ್ಯಾಯಮೂರ್ತಿ ಡಿ.ಪಿ. ವಾಧ್ವಾ ಅವರ ಸಮಿತಿ ನೇಮಿಸಿತು. ರಾಜ್ಯ ರಾಜ್ಯ ಸುತ್ತಿದ ಸಮಿತಿ ಪಡಿತರ ಸರಪಳಿಯ ಒಂದೊಂದು ಕೊಂಡಿಯನ್ನೂ ಪರಿಶೀಲಿಸಿತು.

ಕರ್ನಾಟಕದಲ್ಲಿ ಮೊದಲ ಸುಳಿವು ಕೊಟ್ಟದ್ದು ಸರಳ ಗಣಿತ. ರಾಜ್ಯದ ಮನೆಗಳು, ಆಮೇಲೆ ಬಂದ 2011ರ ಜನಗಣತಿಯ ಲೆಕ್ಕದಲ್ಲೂ, ಸುಮಾರು 1.32 ಕೋಟಿ. ಚಲಾವಣೆಯಲ್ಲಿದ್ದ ರೇಷನ್ ಕಾರ್ಡುಗಳು ಕುಟುಂಬಗಳಿಗಿಂತ ಹೆಚ್ಚಿದ್ದವು! ಒಂದೂ ಮನೆಗೆ ಹೋಗದೆಯೇ ಇಷ್ಟು ಗೊತ್ತಾಯಿತು. ನ್ಯಾಯಮೂರ್ತಿ ಸಂತೋಷ್ ಹೆಗ್ಡೆ ಲೋಕಾಯುಕ್ತರಾಗಿದ್ದ ಕಾಲದಲ್ಲಿ ಪಡಿತರ ವ್ಯವಸ್ಥೆಯ ತನಿಖೆಯನ್ನು ಡಾ. ಆರ್. ಬಾಲಸುಬ್ರಹ್ಮಣ್ಯಂ ಅವರಿಗೆ ವಹಿಸಿದರು. ಹೆಗ್ಗಡದೇವನಕೋಟೆಯ ಕಾಡಂಚಿನ ಜನರ ನಡುವೆ ಆಸ್ಪತ್ರೆ ಕಟ್ಟಿದ ವೈದ್ಯರು ಅವರು. ಹಸಿವು ಏನೆಂದು ಬಲ್ಲವರು.

ಆದರೆ ಲೆಕ್ಕಕ್ಕಿಂತ ಹೆಚ್ಚಿರುವ ಕಾರ್ಡುಗಳಲ್ಲಿ ಸುಳ್ಳು ಯಾವುದು, ನಿಜ ಯಾವುದು? ಅದಕ್ಕೆ ಆಹಾರ ಇಲಾಖೆ ಕಂಡುಕೊಂಡ ದಾರಿ ಈ ಕತೆಯ ಜೀವಾಳ. ವಿದ್ಯುತ್ ಸಂಪರ್ಕವಿರುವ ಪ್ರತಿ ಮನೆಯ ಮೀಟರಿಗೂ ಒಂದು ಆರ್.ಆರ್. ನಂಬರ್ ಇರುತ್ತದೆ. ಕಾರ್ಡಿನಲ್ಲಿ ಬರೆದ ಮನೆ ನಿಜವಾಗಿ ಇದ್ದರೆ ಕರೆಂಟ್ ಬಿಲ್ಲು ಬರಬೇಕು ಎಂಬುದು ಲೆಕ್ಕಾಚಾರ. ಕಾರ್ಡಿಗೆ ಆರ್.ಆರ್. ನಂಬರ್ ಜೋಡಿಸಿ ಎಂದಿತು ಇಲಾಖೆ. ರೇಷನ್ ಪಟ್ಟಿಯನ್ನು ಅದಕ್ಕೆ ಸಂಬಂಧವೇ ಇಲ್ಲದ ವಿದ್ಯುತ್ ಕಂಪನಿಯ ಪಟ್ಟಿಯೊಂದಿಗೆ ತಾಳೆ ಹಾಕಿದಾಗ, ಒಂದೇ ಮೀಟರಿನ ಮೇಲೆ ಹಲವು ಕಾರ್ಡು, ಮೀಟರೇ ಇಲ್ಲದ ವಿಳಾಸ ಎಲ್ಲ ಎದ್ದು ಕಂಡವು. ಪಡಿತರದ ಪಟ್ಟಿ ತಿದ್ದಬಲ್ಲವರಿಗೆ ವಿದ್ಯುತ್ತಿನ ಪಟ್ಟಿ ತಿದ್ದುವ ಅಧಿಕಾರವಿರಲಿಲ್ಲ. ಉಪಾಯ ಫಲಿಸಿದ್ದು ಅದರಿಂದ.

ಈ ಉಪಾಯಕ್ಕೂ ಒಂದು ಅಪಾಯವಿತ್ತು, ಅದನ್ನು ಮರೆಯಬಾರದು. ಒಂದೇ ವಠಾರದಲ್ಲಿ ನಾಲ್ಕು ಬಾಡಿಗೆ ಸಂಸಾರಗಳಿದ್ದು ಮೀಟರ್ ಒಂದೇ ಇರಬಹುದು. ಗುಡಿಸಲಿಗೆ ಕರೆಂಟೇ ಇರಲಿಕ್ಕಿಲ್ಲ. ಮುಂದೆ ಹೆಬ್ಬೆಟ್ಟಿನ ಯಂತ್ರ ಬಂದಾಗಲೂ ಕೂಲಿ ಮಾಡಿ ಬೆರಳು ಸವೆದ ಮುದುಕರು ಬರಿಗೈಲಿ ಹಿಂತಿರುಗಿದರು. ತಾಳೆಯಾಗದ ಕಾರ್ಡು ಅನುಮಾನಕ್ಕೆ ಕಾರಣವಷ್ಟೇ, ಅಪರಾಧದ ಸಾಕ್ಷಿಯಲ್ಲ. ಮನೆ ಬಾಗಿಲಿಗೆ ಹೋಗಿ ನೋಡದೆ ಹೆಸರು ಹೊಡೆದುಹಾಕುವುದು ಬಡವರಿಗೆ ಮಾಡುವ ಎರಡನೇ ಅನ್ಯಾಯ.

ಇನ್ನು ಅಧಿಕಾರಿಗಳ ಹೊಣೆ. ಬೋಗಸ್ ಕಾರ್ಡು ತಾನಾಗಿ ಹುಟ್ಟುವುದಿಲ್ಲ; ಯಾರೋ ಮಂಜೂರು ಮಾಡಿರುತ್ತಾರೆ. ಬಿಪಿಎಲ್, ಅಂತ್ಯೋದಯ ಪಟ್ಟಿಗಳನ್ನು ಪ್ರತಿ ವರ್ಷ ಪರಿಶೀಲಿಸಬೇಕೆಂದು 2001ರ ಪಡಿತರ ನಿಯಂತ್ರಣ ಆದೇಶವೇ ಹೇಳಿತ್ತು. 2013ರ ಆಹಾರ ಭದ್ರತಾ ಕಾಯ್ದೆಯ 27ನೇ ಸೆಕ್ಷನ್ ಪ್ರಕಾರ ಪಡಿತರದ ದಾಖಲೆಗಳನ್ನು ಸಾರ್ವಜನಿಕರು ನೋಡಬಹುದು. 28ನೇ ಸೆಕ್ಷನ್ ಸಾಮಾಜಿಕ ಲೆಕ್ಕಪರಿಶೋಧನೆಗೆ, 29ನೇ ಸೆಕ್ಷನ್ ಜಾಗೃತಿ ಸಮಿತಿಗಳಿಗೆ ಅವಕಾಶ ಕೊಟ್ಟಿವೆ. ಕರ್ತವ್ಯ ಮಾಡದ ಅಧಿಕಾರಿಗೆ ಅದನ್ನು ಮಾಡೆಂದು ಆಜ್ಞಾಪಿಸುವ ಮ್ಯಾಂಡಮಸ್ ರಿಟ್ ಅನ್ನು ಸಂವಿಧಾನದ 226ನೇ ವಿಧಿಯಡಿ ಹೈಕೋರ್ಟ್ ಹೊರಡಿಸಬಲ್ಲದು. ಆದರೆ ಕೋರ್ಟು ಸಾಮಾನ್ಯವಾಗಿ ಮೊದಲು ಕೇಳುವುದು ಒಂದೇ: ನೀವು ಅಧಿಕಾರಿಗೆ ಲಿಖಿತ ಮನವಿ ಕೊಟ್ಟಿದ್ದಿರಾ, ಅವರು ಏನು ಮಾಡಿದರು?

ಹಾಸನ ಜಿಲ್ಲೆಯ ಅರಸೀಕೆರೆಯನ್ನೇ ತೆಗೆದುಕೊಳ್ಳಿ; ಮಳೆ ಕೈಕೊಟ್ಟರೆ ರಾಗಿಯೂ ತೆಂಗೂ ಸೊರಗುವ ಸೀಮೆ. ಬಾಣಾವರ, ಗಂಡಸಿ, ಜಾವಗಲ್, ಕಣಕಟ್ಟೆ ಕಡೆಯ ಕೂಲಿಯವರ ಮನೆಗೆ ಪಡಿತರವೇ ಆಸರೆ. ಇಲ್ಲಿ ಅನುಮಾನ ಬಂದವರು ಮಾಡಬೇಕಾದ್ದು ಕಷ್ಟದ ಕೆಲಸವಲ್ಲ. ನಿಮ್ಮ ನ್ಯಾಯಬೆಲೆ ಅಂಗಡಿಯ ಕಾರ್ಡುದಾರರ ಪಟ್ಟಿ ಪಡೆಯಿರಿ. ಕೊಡದಿದ್ದರೆ ಮಾಹಿತಿ ಹಕ್ಕಿನಲ್ಲಿ ಕೇಳಿ. ಗ್ರಾಮಸಭೆಯಲ್ಲಿ ಒಂದೊಂದೇ ಹೆಸರು ಓದಿಸಿ. ಯಾರ ಮನೆಯೂ ಅಲ್ಲದ ಹೆಸರುಗಳನ್ನು ಬರೆದು ತಹಶೀಲ್ದಾರರಿಗೆ ಮನವಿ ಕೊಟ್ಟು, ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಿ. ಉತ್ತರ ಬಾರದಿದ್ದರೆ ಲೋಕಾಯುಕ್ತವಿದೆ, ಹೈಕೋರ್ಟಿದೆ. ಆ ಮೊಹರು ಬಿದ್ದ ಕಾಗದವಿಲ್ಲದೆ ಕೋರ್ಟಿನ ಮೆಟ್ಟಿಲು ಹತ್ತಬೇಡಿ.