ಒಳಪೆಡಲಿನ ಇಂಗ್ಲಿಷು

ತುಮಕೂರಿನಿಂದ ಗುಬ್ಬಿಗೆ ಹೋಗುವ ರಸ್ತೆಯ ಬದಿಯಲ್ಲಿ, ಸೈಕಲ್ ರಿಪೇರಿ ಮಾಡುವವನೊಬ್ಬನ ಮುಂದೆ ಅರ್ಧ ಗಂಟೆ ಕುಳಿತಿದ್ದರೆ ಸಾಕು, ಇಂಗ್ಲಿಷು ನಮ್ಮಲ್ಲಿ ಎಷ್ಟು ಸಲೀಸಾಗಿ ಸಂಸಾರ ಹೂಡಿದೆಯೆಂಬುದು ತಿಳಿಯುತ್ತದೆ. ಪೆಡಲು, ಬ್ರೇಕು, ಚೈನು, ರಿಮ್ಮು, ಟ್ಯೂಬು, ಬೆಲ್ಲು, ಹ್ಯಾಂಡಲು, ಸ್ಟ್ಯಾಂಡು—ಒಂದೊಂದಕ್ಕೂ ಒಂದು ಉಕಾರವನ್ನು ತೊಡಿಸಿ ಮನೆತುಂಬಿಸಿಕೊಂಡು ಬಹುಕಾಲವಾಯಿತು. ಶಾಲೆಯ ಮೆಟ್ಟಿಲು ಹತ್ತದವನೂ ಈ ಮಾತುಗಳನ್ನು ತಡವರಿಸದೆ ಆಡುತ್ತಾನೆ. ಆದರೆ ಪದವಿ ಪಡೆದ ನಮ್ಮ ಮಕ್ಕಳನ್ನು ಪರೀಕ್ಷಕರ ಎದುರು ಕೂರಿಸಿ, ಇದೇ ಸೈಕಲ್ಲಿನ ವಿಷಯವಾಗಿ ಇಂಗ್ಲಿಷಿನಲ್ಲಿ ನಾಲ್ಕು ಮಾತು ಹೇಳಿರೆಂದರೆ ಅವರ ಗಂಟಲು ಒಣಗುತ್ತದೆ.

ಹೊರನಾಡಿಗೆ ಓದಲೆಂದೋ ನರ್ಸಿಂಗ್ ಕೆಲಸಕ್ಕೆಂದೋ ಹೊರಡುವವರು ಎದುರಿಸಬೇಕಾದ ಪರೀಕ್ಷೆಗಳಲ್ಲಿ ಐ.ಇ.ಎಲ್.ಟಿ.ಎಸ್. ಎಂಬುದು ಒಂದು. 1989ರಿಂದ ನಡೆದುಬಂದಿರುವ ಈ ಪರೀಕ್ಷೆಯಲ್ಲಿ ಮಾತಿನ ಭಾಗಕ್ಕೆ 11ರಿಂದ 14 ನಿಮಿಷದ ಅವಧಿ. ಮೊದಲು ಊರು, ಮನೆ, ಹವ್ಯಾಸಗಳ ಪ್ರಶ್ನೆ, ಅನಂತರ ಕೈಗೊಂದು ಚೀಟಿ, ಯೋಚಿಸಲು 1 ನಿಮಿಷ, ಮಾತನಾಡಲು 2 ನಿಮಿಷ, ಕೊನೆಯಲ್ಲಿ ಚರ್ಚೆ. ಪರೀಕ್ಷಕರು ತೂಗುವುದು ನಾಲ್ಕು ಗುಣಗಳನ್ನು: ಮಾತಿನ ಓಟ ಮತ್ತು ಹೊಂದಿಕೆ, ಪದಸಂಪತ್ತು, ವ್ಯಾಕರಣ, ಉಚ್ಚಾರಣೆ. ನಾಲ್ಕಕ್ಕೂ ಸಮಪಾಲು. ವಿಷಯಜ್ಞಾನಕ್ಕೆ ಇಲ್ಲಿ ಬೇರೆ ಅಂಕವಿಲ್ಲ. ನಮ್ಮವರು ಮರೆಯುವುದು ಈ ಕೊನೆಯ ಮಾತನ್ನೇ.

ಈ ಪರೀಕ್ಷೆಗೆ ಅಣಿಯಾಗುವ ಕೆಲವರು ಸಂಜೆಯ ಹೊತ್ತು ನನ್ನಲ್ಲಿಗೆ ಬರುವುದುಂಟು. ಅವರಲ್ಲೊಬ್ಬ ಕುಣಿಗಲ್ಲಿನ ಹುಡುಗ. ಚಿಕ್ಕಂದಿನಲ್ಲಿ ನಿನ್ನ ಬಳಿ ಬೈಕ್ ಇತ್ತೇ ಎಂದು ನಾನು ಇಂಗ್ಲಿಷಿನಲ್ಲಿ ಕೇಳಿದೆ. ಇಲ್ಲ, ಆಗ ಲೈಸೆನ್ಸ್ ಇರಲಿಲ್ಲ ಎಂದು ಆರಂಭಿಸಿ ಪೆಟ್ರೋಲಿನ ಬೆಲೆಯವರೆಗೆ ಹೋದ! ತಪ್ಪು ಅವನದಲ್ಲ. ನಮ್ಮ ಸೀಮೆಯಲ್ಲಿ ಬೈಕ್ ಎಂದರೆ ಪೆಟ್ರೋಲು ಕುಡಿಯುವುದು. ಸೈಕಲ್ ಎಂದರೆ ಉಂಡವನು ತುಳಿಯುವುದು. ಇಂಗ್ಲಿಷಿನವರಿಗೋ ಬೈಕ್ ಎಂಬ ಒಂದೇ ಮಾತು ಎರಡಕ್ಕೂ ಸಲ್ಲುತ್ತದೆ. ‘ಡ್ರೈವಿಂಗ್ ಸೈಕಲ್’ ಎಂಬುದು ಅವನ ಇನ್ನೊಂದು ಎಡವಟ್ಟು. ಟಿಪ್ಪುವಿನ ಕಾಲದಿಂದ ಕುದುರೆಗಳಿಗೆ ಹೆಸರಾದ ಊರಿನವನಿಗೆ ಇದನ್ನು ತಿದ್ದುವುದು ಕಷ್ಟವಾಗಲಿಲ್ಲ: ಕಾರಿಗೆ ‘ಡ್ರೈವ್’; ಕುದುರೆಗೂ ಸೈಕಲ್ಲಿಗೂ ‘ರೈಡ್’.

ಗುಬ್ಬಿಯ ಕಡೆಯ ಹುಡುಗಿಯೊಬ್ಬಳ ಕಷ್ಟ ಇದಕ್ಕಿಂತ ಆಳವಾದುದು. ನರ್ಸಿಂಗ್ ಓದಿದವಳು. ಸೈಕಲ್ಲಿನ ಮೇಲೆ ಒಂದು ಪುಟದ ಉತ್ತರವನ್ನು ಎಲ್ಲಿಂದಲೋ ತಂದು ಗಟ್ಟಿಮಾಡಿದ್ದಳು. ಪರಿಸರಸ್ನೇಹಿ ವಾಹನವೆಂಬ ಹೊಗಳಿಕೆ, 1885ರ ಸ್ಟಾರ್ಲಿ, 1888ರ ಡನ್‌ಲಪ್, ವ್ಯಾಯಾಮದ ಪ್ರಯೋಜನ—ಎಲ್ಲವೂ ಅದರಲ್ಲಿದ್ದವು, ಅವಳೊಬ್ಬಳು ಇರಲಿಲ್ಲ. 1884ರಲ್ಲಿ ಹುಟ್ಟಿದ ನಾಟಕ ಕಂಪನಿಯಿಂದ ನಾಡಿಗೆಲ್ಲ ಪರಿಚಿತವಾದ ಊರು ಗುಬ್ಬಿ. ಕಂಠಪಾಠ ರಂಗದ ಮೇಲೆ ಶೋಭಿಸುತ್ತದೆ; ಆದರೆ ಎದುರಿಗೆ ಕುಳಿತವರೊಡನೆ ಮಾತನಾಡುವಾಗ ಅದರ ಬಣ್ಣ ಬೇಗ ಕರಗುತ್ತದೆ. ಉರು ಹೊಡೆದ ಉತ್ತರವನ್ನು ಪರೀಕ್ಷಕರು ಗುರುತಿಸದಿರರು.

“ಅದಿರಲಿ, ನೀನು ಸೈಕಲ್ ಕಲಿತದ್ದು ಹೇಗಮ್ಮ?” ಎಂದು ಕನ್ನಡದಲ್ಲೇ ಕೇಳಿದೆ. ಅವಳ ಮುಖ ಅರಳಿತು. ಅಪ್ಪನ ಎತ್ತರದ ಸೈಕಲ್ಲು, ಅಡಿಕೆ ತೋಟದ ಕಾಲುದಾರಿ, ಒಳಪೆಡಲಿನ ಸವಾರಿ, ತಿರುವಿನಲ್ಲಿ ಚೈನು ಬಿದ್ದು ತಾನೂ ಬಿದ್ದುದು, ತರಚಿದ ಮೊಣಕಾಲನ್ನು ಅಮ್ಮನಿಂದ ಎರಡು ದಿನ ಲಂಗದಲ್ಲಿ ಮುಚ್ಚಿಟ್ಟುದು—ಒಂದೇ ಉಸಿರಿನಲ್ಲಿ ಹೇಳಿದಳು. ಇದನ್ನೇ ಇಂಗ್ಲಿಷಿನಲ್ಲಿ ಹೇಳು ಎಂದೆ. ಅವಳು ಬೆರಗಾದಳು. “ಇದನ್ನ ಹೇಳಬೋದಾ ಸಾರ್? ಇದು ನಮ್ಮನೆ ಮಾತಲ್ವಾ?”

ಆ ಪ್ರಶ್ನೆ ನನ್ನನ್ನು ಬಹಳ ಹೊತ್ತು ಕಾಡಿತು. ಇಂಗ್ಲಿಷೆಂದರೆ ದೊಡ್ಡವರ ಚಾವಡಿ, ನಮ್ಮ ಬದುಕು ಅಲ್ಲಿ ಚಪ್ಪಲಿಯಂತೆ ಹೊರಗಿರತಕ್ಕದ್ದು ಎಂಬ ಭಾವನೆಯನ್ನು ಈ ಮಕ್ಕಳಲ್ಲಿ ಬಿತ್ತಿದವರು ಅಧ್ಯಾಪಕರಾದ ನಾವೇ ಅಲ್ಲವೆ?

ಅಂದಿನಿಂದ ಅವಳ ಪಾಠ ಒಳಪೆಡಲಿನಿಂದ ಆರಂಭವಾಯಿತು. ಆ ಮಾತಿಗೆ ಸರಿಯಾದ ಇಂಗ್ಲಿಷ್ ಪದವನ್ನು ಹುಡುಕುತ್ತ ಕೂರುವ ಬದಲು ಬಿಡಿಸಿ ಹೇಳಬೇಕು: ಸೈಕಲ್ಲು ನನಗಿಂತ ಎತ್ತರ, ಸೀಟಿನ ಮೇಲೆ ಕೂರಲಾರೆ, ಆದುದರಿಂದ ಅಡ್ಡಕಂಬಿಯ ಕೆಳಗೆ ಒಂದು ಕಾಲನ್ನು ತೂರಿಸಿ ತುಳಿಯುತ್ತಿದ್ದೆ. ಹೀಗೆ ತಿಳಿಯದ ಪದವನ್ನು ಸುತ್ತುಬಳಸಿ ಹೇಳಬಲ್ಲ ಜಾಣ್ಮೆಗೆ ಪರೀಕ್ಷೆಯಲ್ಲಿಯೂ ಬೆಲೆಯುಂಟು. ‘ಚೈನು ಬಿತ್ತು’ ಎಂಬುದಕ್ಕೆ ‘ಫೆಲ್’ ಸಾಲದು, ‘ಕೇಮ್ ಆಫ್’ ಬೇಕು. ನಮ್ಮ ‘ಹೋಗುತ್ತಿದ್ದೆ’ ಎಂಬುದು ಆ ಕ್ಷಣದ ಕೆಲಸಕ್ಕೂ ದಿನದಿನದ ರೂಢಿಗೂ ಒದಗುತ್ತದೆ. ಇಂಗ್ಲಿಷಿನಲ್ಲಿ ರೂಢಿಯಾದರೆ ‘ವಾಸ್ ಗೋಯಿಂಗ್’ ಎನ್ನದೆ ‘ಯೂಸ್ಡ್ ಟು ಗೋ’ ಎನ್ನಬೇಕು. ಉತ್ತರವನ್ನು ಬೆಳೆಸುವ ದಾರಿಯೂ ಸರಳವೇ: ಒಂದು ಮಾತಿನಲ್ಲಿ ಉತ್ತರ, ಅದಕ್ಕೊಂದು ಕಾರಣ, ಕಂಡುಂಡ ಒಂದು ಪ್ರಸಂಗ.

ಕೊನೆಯ ಚರ್ಚೆಗಾಗಿ, ಸರ್ಕಾರ ಸೈಕಲ್ ಬಳಕೆಗೆ ಪ್ರೋತ್ಸಾಹ ಕೊಡಬೇಕೆ ಎಂದು ಕೇಳಿದೆ. ಹಿಂದಾಗಿದ್ದರೆ ವಾಯುಮಾಲಿನ್ಯದ ಪಾಠ ಒಪ್ಪಿಸುತ್ತಿದ್ದಳು. ಈಗ ತನ್ನದೇ ಕತೆ ಹೇಳಿದಳು. ನಮ್ಮ ರಾಜ್ಯ ಸರ್ಕಾರ 2006-07ರಲ್ಲಿ ಆರಂಭಿಸಿ, ಕೋವಿಡ್ ಕಾಲದಲ್ಲಿ ನಿಂತುಹೋದ ಯೋಜನೆಯಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ಸಿಗುತ್ತಿತ್ತು, ಅವಳಿಗೂ ಸಿಕ್ಕಿತ್ತು. ಹೈಸ್ಕೂಲು ಊರಿಂದ ದೂರ, ಬಸ್ಸು ಅಪರೂಪ. ‘ಇಫ್ ಐ ಹ್ಯಾಡ್ ನಾಟ್ ಗಾಟ್ ದಟ್ ಸೈಕಲ್, ಐ ವುಡ್ ಹ್ಯಾವ್ ಲೆಫ್ಟ್ ಸ್ಕೂಲ್’ ಎಂದಳು. ವರ್ಷಗಟ್ಟಲೆ ಕಪ್ಪು ಹಲಗೆಯ ಮೇಲೆ ಬರೆದರೂ ನಾಟದ ವಾಕ್ಯರಚನೆ, ಹೇಳಲೇಬೇಕಾದ ಮಾತೊಂದು ಎದೆಯಲ್ಲಿ ಎದ್ದಾಗ ತಾನಾಗಿಯೇ ನಾಲಗೆಗೆ ಬಂದಿತ್ತು.

ಪರೀಕ್ಷೆಯ ದಿನ ಸಂಜೆ ಬೆಂಗಳೂರಿನಿಂದಲೇ ಫೋನ್ ಮಾಡಿದಳು. ಬಾಲ್ಯದಲ್ಲಿ ಕಲಿತ ಒಂದು ವಿದ್ಯೆಯ ಬಗ್ಗೆ ಮಾತನಾಡಬೇಕೆಂದು ಚೀಟಿಯಲ್ಲಿ ಇತ್ತಂತೆ. ಹೇಗಾಯಿತೆಂದು ಕೇಳಿದೆ. ಅಂಕದ ಮಾತನ್ನು ಅವಳು ಎತ್ತಲೇ ಇಲ್ಲ.

“ಮೊಣಕಾಲು ಮುಚ್ಚಿಟ್ಟಿದ್ದು ಹೇಳ್ದಾಗ ಪರೀಕ್ಷಕರು ನಕ್ಕುಬಿಟ್ರು, ಸಾರ್” ಎಂದಳು.