ಉರಿಯದ ಪ್ಲಾಸ್ಟಿಕ್ಕು ಉಂಟೆ?

ನಮ್ಮ ಅಜ್ಜಂದಿರ ಕಾಲದ ಮನೆಗಳಲ್ಲಿ ಬೆಂಕಿಯ ಠಾವು ಎರಡೇ: ಒಂದು ಒಲೆ, ಇನ್ನೊಂದು ದೀಪ. ಎರಡೂ ಕಣ್ಣಿಗೆ ಕಾಣುತ್ತಿದ್ದವು. ಮಲಗುವ ಮುನ್ನ ಅವನ್ನು ಆರಿಸಿ ನಿಶ್ಚಿಂತೆಯಿಂದ ಇರಬಹುದಾಗಿತ್ತು. ಇಂದಿನ ಮನೆಗಳಲ್ಲಿ ಬೆಂಕಿಗೆ ಹುಟ್ಟಲು ಅವಕಾಶವಿರುವುದು ಗೋಡೆಯೊಳಗೆ. ಮೀಟರಿನ ಪೆಟ್ಟಿಗೆ, ಸ್ವಿಚ್ಚಿನ ಬೋರ್ಡು, ವಾಯರಿನ ಹೊದಿಕೆ, ಗೀಸರಿನ ಪ್ಲಗ್ಗು, ಮೊಬೈಲಿನ ಚಾರ್ಜರು—ಇವೆಲ್ಲವೂ ಪ್ಲಾಸ್ಟಿಕ್ಕಿನವು. ಇವೆಲ್ಲದರೊಳಗೂ ವಿದ್ಯುತ್ತು ಹರಿಯುತ್ತಿರುತ್ತದೆ. ಇವನ್ನು ಆರಿಸಿ ಮಲಗುವವರು ವಿರಳ.

ಯೆರವಡಾದ ನಮ್ಮ ಕಡೆಯ ಹಳೆಯ ಕಟ್ಟಡಗಳನ್ನು ಒಮ್ಮೆ ನೋಡಿ. ಜಿನೆಯ ಬುಡದಲ್ಲಿ ಹತ್ತು ಹನ್ನೆರಡು ಮೀಟರುಗಳ ಸಾಲು. ಅದಕ್ಕೆ ಒತ್ತಿ ನಿಲ್ಲಿಸಿದ ಸ್ಕೂಟರುಗಳು. ಮೇಲಿನ ಸಂಸಾರಗಳು ಕೆಳಗಿಳಿಯಲು ಇರುವುದು ಆ ಜಿನೆಯೊಂದೇ. ಅಲ್ಲಿನ ಒಂದು ಪೆಟ್ಟಿಗೆಯ ಪ್ಲಾಸ್ಟಿಕ್ಕು ಎಂಥದು ಎಂಬ ಪ್ರಶ್ನೆ ಆ ಸಂಸಾರಗಳೆಲ್ಲವುಗಳ ಪ್ರಶ್ನೆ.

ಇತ್ತೀಚೆಗೆ ನೆರೆಮನೆಯ ಕಾಕೂ ಅವರ ಮನೆಗೆ ಹೊಸ ವಾಯರು ಹಾಕಿಸಬೇಕಾಗಿತ್ತು. ಅವರೊಡನೆ ಅಂಗಡಿಗೆ ಹೋದೆ. ಅಂಗಡಿಯವರು ಒಂದು ಸುರುಳಿಯನ್ನು ಮುಂದಿಟ್ಟು, "ಸಾಹೇಬ, ಹೀ ವಾಯರ್ ಜಳತ ನಾಹೀ," ಎಂದರು; ಈ ವಾಯರು ಸುಡುವುದೇ ಇಲ್ಲವಂತೆ. ಕಾಕೂ ನನ್ನ ಕಡೆ ತಿರುಗಿ, "ಅಲ್ಲೋ ತಮ್ಮಾ, ಸುಡೂದಿಲ್ಲ ಅಂತಾರಲ್ಲ, ಮತ್ಯಾಕ ಚಿಂತಿ?" ಎಂದರು. ಸುರುಳಿಯ ಮೇಲೆ 'ಎಫ್.ಆರ್.' ಎಂಬ ಎರಡು ಅಕ್ಷರಗಳಿದ್ದವು. ಆ ಅಕ್ಷರಗಳ ಅರ್ಥ 'ಸುಡುವುದಿಲ್ಲ' ಎಂದಲ್ಲ. 'ಉರಿಯನ್ನು ತಡೆದು ನಿಧಾನಿಸುತ್ತದೆ' ಎಂದಷ್ಟೆ. ಈ ಎರಡು ಮಾತುಗಳ ನಡುವಿನ ಅಂತರವನ್ನು ತಿಳಿಸುವುದೇ ಈ ಲೇಖನದ ಉದ್ದೇಶ.

ಪುಣೆ ಕಂಡ ಒಂದು ಪಾಠ

ಪ್ಲಾಸ್ಟಿಕ್ಕುಗಳ ವಂಶದಲ್ಲಿ ಹಿರಿಯದಾದ ಸೆಲ್ಯುಲಾಯಿಡ್ ಭಯಂಕರವಾಗಿ ಉರಿಯುವ ವಸ್ತು. 1870ರ ಸುಮಾರಿಗೆ ಅಮೆರಿಕದಲ್ಲಿ ಜಾನ್ ಹಯಟ್ ಎಂಬವರು ಇದನ್ನು ಬಳಕೆಗೆ ತಂದರು. ಮುಂದೆ ಇದೇ ಜಾತಿಯ ನೈಟ್ರೇಟ್ ಪಟ್ಟಿಯ ಮೇಲೆ ಚಲನಚಿತ್ರಗಳು ಮುದ್ರಣಗೊಂಡವು. ಉರಿಯಲು ಬೇಕಾದ ಆಮ್ಲಜನಕ ಅದರ ಒಡಲಲ್ಲೇ ಇರುವುದರಿಂದ, ಒಮ್ಮೆ ಹೊತ್ತಿಕೊಂಡರೆ ನೀರಿನಲ್ಲಿ ಮುಳುಗಿಸಿದರೂ ಅದು ಆರದು. 2003ರ ಜನವರಿಯಲ್ಲಿ ನಮ್ಮ ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನ ಆವರಣದಲ್ಲಿದ್ದ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯದ ಉಗ್ರಾಣಕ್ಕೆ ಬೆಂಕಿ ಬಿದ್ದಾಗ, 600ಕ್ಕೂ ಮಿಕ್ಕ ಹಳೆಯ ಚಿತ್ರಗಳ 5,000ಕ್ಕೂ ಹೆಚ್ಚು ನೈಟ್ರೇಟ್ ಸುರುಳಿಗಳು ಬೂದಿಯಾದವು.

ಈ ಅಪಾಯವನ್ನರಿತೇ ತಯಾರಕರು ನಿಧಾನವಾಗಿ ಉರಿಯುವ ಅಸಿಟೇಟ್ ಪಟ್ಟಿಯನ್ನು ತಂದು, ಅದರ ಅಂಚಿನ ಮೇಲೆ 'ಸೇಫ್ಟಿ' ಎಂದು ಅಚ್ಚು ಹಾಕತೊಡಗಿದ್ದರು. ನೋಟಕ್ಕೆ ಎರಡೂ ಪಟ್ಟಿಗಳು ಒಂದೇ. ಭೇದವನ್ನು ಹೇಳುತ್ತಿದ್ದುದು ಅಂಚಿನ ಅಕ್ಷರ. ಇಂದಿನ ಸ್ವಿಚ್ಚು, ಪೆಟ್ಟಿಗೆ, ವಾಯರುಗಳ ವಿಷಯವೂ ಹೀಗೆಯೇ. ಕೈಯಿಂದ ಮುಟ್ಟಿ ನೋಡಿದರೆ ಗುಣ ತಿಳಿಯದು, ಅಕ್ಷರವನ್ನು ಓದಬೇಕು.

ಪರೀಕ್ಷೆ ನಡೆಯುವ ಬಗೆ

1894ರಲ್ಲಿ ಅಮೆರಿಕದ ಷಿಕಾಗೋದಲ್ಲಿ ಪ್ರಾರಂಭವಾದ ಅಂಡರ್‌ರೈಟರ್ಸ್ ಲ್ಯಾಬೊರೇಟರೀಸ್ ಎಂಬ ಸಂಸ್ಥೆ ರೂಪಿಸಿದ 'ಯು.ಎಲ್. 94' ಎಂಬ ಪರೀಕ್ಷೆ ಇಂದು ಜಗತ್ತಿನ ಎಲ್ಲೆಡೆ ಬಳಕೆಯಲ್ಲಿದೆ. ಇದರ ರೀತಿ ಬಹು ಸರಳ. 125 ಮಿ.ಮೀ. ಉದ್ದ, 13 ಮಿ.ಮೀ. ಅಗಲದ ಪ್ಲಾಸ್ಟಿಕ್ಕಿನ ಪಟ್ಟಿಯನ್ನು ಲಂಬವಾಗಿ ತೂಗುಹಾಕಿ, ಕೆಳತುದಿಗೆ ಸಣ್ಣ ಜ್ವಾಲೆಯನ್ನು 10 ಸೆಕೆಂಡು ಹಿಡಿದು ತೆಗೆಯುತ್ತಾರೆ. ಆರಿದ ಮೇಲೆ ಮತ್ತೆ 10 ಸೆಕೆಂಡು ಹಿಡಿಯುತ್ತಾರೆ. ಪಟ್ಟಿಯ ಕೆಳಗೆ 300 ಮಿ.ಮೀ. ಅಂತರದಲ್ಲಿ ಹತ್ತಿಯನ್ನು ಹಾಸಿರುತ್ತಾರೆ. ಹೀಗೆ ಐದು ಪಟ್ಟಿಗಳ ಪರೀಕ್ಷೆ.

ಪ್ರತಿ ಸಲವೂ 10 ಸೆಕೆಂಡಿನೊಳಗೆ ಉರಿ ತಾನಾಗಿ ಆರಿ, ಐದು ಪಟ್ಟಿಗಳ ಒಟ್ಟು ಉರಿಯ ಕಾಲ 50 ಸೆಕೆಂಡು ಮೀರದೆ, ಹತ್ತಿಗೆ ಕಿಡಿ ತಗಲದಿದ್ದರೆ ಅದು 'ವಿ–0' ದರ್ಜೆ. ಆರಲು 30 ಸೆಕೆಂಡಿನವರೆಗೆ, ಒಟ್ಟಿನಲ್ಲಿ 250 ಸೆಕೆಂಡಿನವರೆಗೆ ಹಿಡಿದರೂ ಹತ್ತಿ ಉಳಿದರೆ 'ವಿ–1'. ಕಾಲ ಅಷ್ಟೇ ಆಗಿ, ಕರಗಿ ತೊಟ್ಟಿಕ್ಕಿದ ಉರಿಹನಿಯಿಂದ ಹತ್ತಿ ಹೊತ್ತಿಕೊಂಡರೆ 'ವಿ–2'. ಹತ್ತಿಯ ಸ್ಥಾನದಲ್ಲಿ ನಮ್ಮ ಹಾಸಿಗೆಯನ್ನೋ ಪರದೆಯನ್ನೋ ಇಟ್ಟು ಯೋಚಿಸಿದರೆ ಕೊನೆಯೆರಡು ದರ್ಜೆಗಳ ಭೇದ ಮನವರಿಕೆಯಾಗುತ್ತದೆ.

ಇವೆಲ್ಲಕ್ಕಿಂತ ಕೆಳಗಿನದು 'ಎಚ್.ಬಿ.' ಎಂಬ ದರ್ಜೆ. ಇಲ್ಲಿ ಪಟ್ಟಿಯನ್ನು ಅಡ್ಡಲಾಗಿ ಹಿಡಿದು ಸುಡುತ್ತಾರೆ. 3 ಮಿ.ಮೀ. ದಪ್ಪದ ಪಟ್ಟಿ ನಿಮಿಷಕ್ಕೆ 40 ಮಿ.ಮೀ. ಮೀರದ ವೇಗದಲ್ಲಿ ಉರಿದರೆ ತೇರ್ಗಡೆ. ಲೆಕ್ಕ ಹಾಕಿ ನೋಡಿ: 20 ಸೆ.ಮೀ. ಉದ್ದದ ತುಂಡೊಂದು ಐದು ನಿಮಿಷಗಳಲ್ಲಿ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಉರಿದುಹೋದರೂ ಅದು ಎಚ್.ಬಿ. ದರ್ಜೆಯದೇ! ಉರಿಯು ಆರಲೇಬೇಕೆಂಬ ನಿಯಮ ಇಲ್ಲಿಲ್ಲ. ವಿ–0ಕ್ಕೂ ಮೇಲೆ, ಇನ್ನೂ ದೊಡ್ಡ ಜ್ವಾಲೆಯನ್ನು ಐದು ಸಲ ಹಿಡಿದು ನೋಡುವ '5ವಿ' ಎಂಬ ಕಠಿಣ ಪರೀಕ್ಷೆಯೂ ಉಂಟು. ಉರಿ ಹಲಗೆಯನ್ನು ತೂತು ಮಾಡದಿದ್ದರೆ '5ವಿ.ಎ.', ತೂತು ಮಾಡಿದರೆ '5ವಿ.ಬಿ.'.

ಮನೆಯಲ್ಲಿ ಬೆಂಕಿ ಹುಟ್ಟುವುದು ಜ್ವಾಲೆಯಿಂದಲೇ ಅಲ್ಲ. ಸಡಿಲಾದ ಸ್ಕ್ರೂವಿನ ಬಳಿ ಕಾದು ಕೆಂಪಾದ ತಂತಿಯಿಂದಲೂ ಹುಟ್ಟುತ್ತದೆ. ಇದಕ್ಕಾಗಿ 'ಗ್ಲೋ ವಾಯರ್' ಪರೀಕ್ಷೆ ಇದೆ. ಕಾಯಿಸಿದ ತಂತಿಯ ಕುಣಿಕೆಯನ್ನು ಪ್ಲಾಸ್ಟಿಕ್ಕಿಗೆ 30 ಸೆಕೆಂಡು ಒತ್ತಿ ತೆಗೆಯುತ್ತಾರೆ. ಉರಿ ಹತ್ತಿದರೆ ಮುಂದಿನ 30 ಸೆಕೆಂಡಿನಲ್ಲಿ ಆರಬೇಕು, ಕೆಳಗಿನ ತೆಳುಕಾಗದ ಹೊತ್ತಬಾರದು. 550, 650, 750, 850, 960 ಡಿಗ್ರಿ ಸೆಲ್ಸಿಯಸ್ ಎಂದು ಇದರ ಮೆಟ್ಟಿಲುಗಳು. ಸ್ವಿಚ್ಚು ಸಾಕೆಟ್ಟುಗಳಲ್ಲಿ ವಿದ್ಯುತ್ತು ಹರಿಯುವ ಲೋಹವನ್ನು ಹಿಡಿದಿಡುವ ಭಾಗಕ್ಕೆ ಅಂತಾರಾಷ್ಟ್ರೀಯ ಮಾನಕಗಳು 850 ಡಿಗ್ರಿಯನ್ನು ಕೇಳುತ್ತವೆ. ಹೊರಗಿನ ಭಾಗಗಳಿಗೆ 650 ಸಾಕು.

ದರ್ಜೆ ಹೇಳದ ಎರಡು ಮಾತು

ಮೊದಲನೆಯದು ದಪ್ಪದ ಮಾತು. 3 ಮಿ.ಮೀ. ದಪ್ಪದಲ್ಲಿ ವಿ–0 ಎನಿಸಿದ ಪ್ಲಾಸ್ಟಿಕ್ಕು 1.5 ಮಿ.ಮೀ.ಗೆ ಇಳಿದರೆ ವಿ–2 ಆಗಬಹುದು. ಆದ್ದರಿಂದ ದಪ್ಪವನ್ನು ಹೇಳದ ದರ್ಜೆ, ತಾರೀಖಿಲ್ಲದ ಅರ್ಜಿಯಂತೆ ಅಪೂರ್ಣ. ಸರ್ಕಾರಿ ಕಚೇರಿಯ ಗುಮಾಸ್ತನಾಗಿ ಟೆಂಡರುಗಳ ತಖ್ತೆ ಬರೆಯುವ ನನಗೆ ಇದರ ಮಹತ್ವ ಚೆನ್ನಾಗಿ ಗೊತ್ತು. 'ಉರಿನಿರೋಧಕ ಪ್ಲಾಸ್ಟಿಕ್ಕಿನ ಪೆಟ್ಟಿಗೆ' ಎಂದಷ್ಟೇ ಬರೆದರೆ ಎಚ್.ಬಿ.ಯವರೂ ಅದೇ ಹೆಸರಿನಲ್ಲಿ ನುಸುಳುತ್ತಾರೆ; ಕಡಿಮೆ ದರದವರೇ ಗೆಲ್ಲುತ್ತಾರೆ. 'ವಿ–0, 1.5 ಮಿ.ಮೀ. ದಪ್ಪದಲ್ಲಿ, ಪರೀಕ್ಷಾ ವರದಿ ಸಹಿತ' ಎಂದು ಬರೆದರೆ ಮಾತ್ರ ದರಗಳನ್ನು ಹೋಲಿಸುವುದಕ್ಕೆ ಅರ್ಥ ಬರುತ್ತದೆ.

ಎರಡನೆಯದು ಹೊಗೆಯ ಮಾತು. ವಿ–0 ಎಂಬುದು ಉರಿ ಎಷ್ಟು ಬೇಗ ಆರುತ್ತದೆಂದು ಹೇಳುತ್ತದೆಯೇ ಹೊರತು, ಹೊಗೆ ಎಷ್ಟು, ಅದರಲ್ಲಿ ವಿಷವೆಷ್ಟು ಎಂಬುದನ್ನು ಹೇಳುವುದಿಲ್ಲ. ಬೆಂಕಿಯ ಅನಾಹುತಗಳಲ್ಲಿ ಎಷ್ಟೋ ಪ್ರಾಣ ಹೋಗುವುದು ಉರಿಯಿಂದಲ್ಲ, ಹೊಗೆಯಿಂದ. 2010ರ ಫೆಬ್ರವರಿ 23ರಂದು ಬೆಂಗಳೂರಿನ ಹಳೆಯ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್ ಕಟ್ಟಡದಲ್ಲಿ ನಡೆದುದನ್ನು ಕನ್ನಡಿಗರಾರೂ ಮರೆತಿಲ್ಲ. ವಿದ್ಯುತ್ ಕೇಬಲ್ಲುಗಳು ಹಾಯುವ ಗೂಡಿನಲ್ಲಿ ಹುಟ್ಟಿದ ಬೆಂಕಿಯ ಹೊಗೆ ಜಿನೆಗಳನ್ನೂ ಮಹಡಿಗಳನ್ನೂ ತುಂಬಿತು. ಉಸಿರು ಕಟ್ಟಿದವರು ಕಿಟಕಿಗಳನ್ನು ಒಡೆದರು. ಕೆಲವರು ಮೇಲಿನಿಂದ ಹಾರಿದರು. ಒಟ್ಟು 9 ಜನ ಪ್ರಾಣ ಕಳೆದುಕೊಂಡರು. ತಮ್ಮವರನ್ನು ಕಳೆದುಕೊಂಡವರು ಮುಂದೆ 'ಬಿಯಾಂಡ್ ಕಾರ್ಲ್‌ಟನ್' ಎಂಬ ಸಂಸ್ಥೆಯನ್ನು ಕಟ್ಟಿ, ಅಗ್ನಿಸುರಕ್ಷತೆಯ ತಿಳಿವಳಿಕೆ ಹರಡಲು ಮುಂದಾದರು.

ವಾಯರಿನ ಮೇಲಿನ ಬರಹ

ಮನೆಯ ವಾಯರುಗಳ ಹೊದಿಕೆ ಸಾಮಾನ್ಯವಾಗಿ ಪಿ.ವಿ.ಸಿ.ಯದು. ಭಾರತೀಯ ಮಾನಕ ಐ.ಎಸ್. 694 ಇದಕ್ಕೆ ಅನ್ವಯಿಸುತ್ತದೆ, ಐ.ಎಸ್.ಐ. ಗುರುತು ಕಡ್ಡಾಯ. ಇಲ್ಲಿ ಬಳಸುವ ಅಳತೆಗೆ 'ಆಮ್ಲಜನಕ ಸೂಚ್ಯಂಕ' ಎನ್ನಬಹುದು. ನಾವು ಉಸಿರಾಡುವ ಗಾಳಿಯಲ್ಲಿ ಶೇಕಡಾ 21ರಷ್ಟು ಆಮ್ಲಜನಕವಿದೆ. ಪಾಲಿಥೀನಿಗೆ ಉರಿಯಲು ಶೇಕಡಾ 18ರಷ್ಟೇ ಸಾಕು. ಆದ್ದರಿಂದ ಅದು ಎಲ್ಲಿಯೂ ಸರಾಗವಾಗಿ ಉರಿಯುತ್ತದೆ. ಎಫ್.ಆರ್. ವಾಯರಿನ ಹೊದಿಕೆಗೆ ಕನಿಷ್ಠ 29 ಬೇಕು. ಅಂದರೆ, ಸಾಮಾನ್ಯ ಗಾಳಿಯಲ್ಲಿ ಜ್ವಾಲೆಯನ್ನು ತೆಗೆದೊಡನೆ ಅದು ಆರುವ ಸಂಭವ ಹೆಚ್ಚು.

ಆದರೆ ಪಿ.ವಿ.ಸಿ. ಸುಟ್ಟಾಗ ಹೈಡ್ರೋಜನ್ ಕ್ಲೋರೈಡ್ ಎಂಬ ಕಟುವಾದ ಆಮ್ಲದ ಅನಿಲ ಏಳುತ್ತದೆ. ಕಣ್ಣು ಗಂಟಲು ಉರಿದು ದಾರಿಯೇ ಕಾಣದಂತಾಗುತ್ತದೆ. 'ಎಫ್.ಆರ್.–ಎಲ್.ಎಸ್.ಎಚ್.' ಎಂಬ ಬರಹವಿರುವ ವಾಯರಿನಲ್ಲಿ ಹೊಗೆಗೂ ಈ ಅನಿಲಕ್ಕೂ ಮಿತಿಯನ್ನು ಹಾಕಿರುತ್ತಾರೆ. ಕ್ಲೋರಿನ್ನಿನಂಥ ಹ್ಯಾಲೊಜನುಗಳೇ ಇಲ್ಲದ ವಾಯರುಗಳೂ ಬಂದಿವೆ. ಬೆಲೆ ಹೆಚ್ಚು, ಆದರೆ ಜನ ಸೇರುವ ಸಭಾಂಗಣಗಳಿಗೂ ಇರುವುದೊಂದೇ ಜಿನೆಯ ಕಟ್ಟಡಗಳಿಗೂ ಯೋಗ್ಯ. ಇದೇ ಕಾರಣಕ್ಕೆ ಹಳೆಯ ವಾಯರನ್ನು ತಾಮ್ರದ ಆಸೆಗೆ ಬಯಲಲ್ಲಿ ಸುಡುವುದು ನೆರೆಹೊರೆಗೆ ವಿಷವುಣಿಸಿದಂತೆ.

ಉರಿಯನ್ನು ತಡೆಯಲು ಬೆರೆಸುವ ವಸ್ತುಗಳ ವಿಷಯದಲ್ಲೂ ಒಂದು ಮಾತು. ಅಲ್ಯುಮಿನಿಯಂ ಹೈಡ್ರಾಕ್ಸೈಡ್ ಕಾದಾಗ ನೀರಾವಿಯನ್ನು ಬಿಟ್ಟು ತಂಪು ಮಾಡುತ್ತದೆ. ರಂಜಕದ ಸಂಯುಕ್ತಗಳು ಇದ್ದಲಿನ ಪದರ ಕಟ್ಟಿ ಒಳಭಾಗವನ್ನು ಕಾಯುತ್ತವೆ. ಬ್ರೋಮಿನ್ನಿನವು ಜ್ವಾಲೆಯ ರಾಸಾಯನಿಕ ಸರಪಣಿಯನ್ನೇ ತುಂಡರಿಸುತ್ತವೆ. ಈ ಕೊನೆಯ ಗುಂಪಿನ ಕೆಲವು ವಸ್ತುಗಳು ಪ್ರಾಣಿಗಳ ಮೈಯಲ್ಲಿ ಕರಗದೆ ಶೇಖರವಾಗುವುದು ಕಂಡುಬಂದು, 2009ರಿಂದ ಸ್ಟಾಕ್‌ಹೋಮ್ ಒಪ್ಪಂದದ ನಿಷೇಧದ ಪಟ್ಟಿಗೆ ಸೇರಿವೆ. ಮರುಬಳಕೆಯ ಕಪ್ಪು ಪ್ಲಾಸ್ಟಿಕ್ಕಿನ ಆಟಿಕೆಗಳನ್ನೂ ಅಡಿಗೆಯ ಸೌಟುಗಳನ್ನೂ ಕೊಳ್ಳುವಾಗ ಇದು ನೆನಪಿರಲಿ. ಹಳೆಯ ಟೀವಿಯ ಡಬ್ಬಿಗಳು ಆ ರೂಪದಲ್ಲಿ ಮರಳಿ ಬರುವುದುಂಟು.

ಕೊಳ್ಳುವಾಗ ನೋಡಬೇಕಾದ್ದು

ವಾಯರಿನ ಮೈಮೇಲೆಯೇ ಐ.ಎಸ್.ಐ. ಗುರುತು, ಮಾನಕದ ಅಂಕೆ, ಎಫ್.ಆರ್. ಮೊದಲಾದ ಅಕ್ಷರಗಳು ಅಚ್ಚಾಗಿವೆಯೇ ಎಂದು ನೋಡಿ; ಹೊರಡಬ್ಬಿಯ ಮೇಲಿನ ಬರಹವನ್ನಷ್ಟೇ ನಂಬಬೇಡಿ. ಗುರುತಿನ ಜೊತೆಗಿರುವ ಪರವಾನಗಿಯ ಅಂಕೆಯನ್ನು ಭಾರತೀಯ ಮಾನಕ ಬ್ಯೂರೋದ 'ಬಿ.ಐ.ಎಸ್. ಕೇರ್' ಆ್ಯಪಿನಲ್ಲಿ ಒತ್ತಿದರೆ ಅದು ಸಾಚಾವೋ ಖೋಟಾವೋ ಗೊತ್ತಾಗುತ್ತದೆ. ಪೆಟ್ಟಿಗೆ ಬೋರ್ಡುಗಳಿಗೆ ದರ್ಜೆಯನ್ನೂ ದಪ್ಪವನ್ನೂ ಕೂಡಿಯೇ ಕೇಳಿ. ಬಿಲ್ಲಿನ ಮೇಲೆ ಅವೆರಡನ್ನೂ ಬರೆಸಿಕೊಳ್ಳಿ. ಮೀಟರಿನ ಪೆಟ್ಟಿಗೆ ಕಂದಿದ್ದರೆ, ಕರಗಿದ್ದರೆ ತಾವೇ ಕೈ ಹಾಕದೆ ಮಹಾವಿತರಣಕ್ಕೆ ದೂರು ಕೊಡಿ. ಜಿನೆಯ ಕೆಳಗಿನ ಸ್ಕೂಟರು, ಹಳೆಯ ರದ್ದಿ, ಗಾದಿಗಳನ್ನು ಅಲ್ಲಿಂದ ತೆಗೆಸಿ.

ಎಲ್ಲಕ್ಕೂ ಮಿಗಿಲಾಗಿ, ಒಳ್ಳೆಯ ಪ್ಲಾಸ್ಟಿಕ್ಕು ಕೆಟ್ಟ ಕೆಲಸವನ್ನು ಮುಚ್ಚದು. ಸಡಿಲ ಜೋಡಣೆ, ತೂಕಕ್ಕೆ ಮೀರಿದ ಲೋಡು, ಒಂದೇ ಸಾಕೆಟ್ಟಿಗೆ ಮೂರು ಪ್ಲಗ್ಗು—ಇವುಗಳ ಮುಂದೆ ವಿ–0 ಕೂಡ ಕೆಲವು ಕ್ಷಣಗಳ ಅವಕಾಶವನ್ನಷ್ಟೇ ಕೊಡಬಲ್ಲದು. ಆ ಕ್ಷಣಗಳ ಬೆಲೆ ಸಣ್ಣದಲ್ಲ. ಮಲಗಿದ ಮಕ್ಕಳನ್ನು ಎಬ್ಬಿಸಲು, ಮುದುಕರ ಕೈ ಹಿಡಿದು ಇಳಿಸಲು, 101ಕ್ಕೋ 112ಕ್ಕೋ ಫೋನು ಮಾಡಲು ಬೇಕಾದುದು ಅಷ್ಟೇ ಹೊತ್ತು. ನಾವು ಎಫ್.ಆರ್. ಎಂಬ ಅಕ್ಷರಗಳಿಗೆ ಹಣ ಕೊಟ್ಟಾಗ ಕೊಳ್ಳುವುದು ಆ ಹೊತ್ತನ್ನು. ಕೊಟ್ಟ ಹಣಕ್ಕೆ ಅದು ಪೂರ್ತಿಯಾಗಿ ಸಿಕ್ಕಿತೇ ಎಂದು ನೋಡಿಕೊಳ್ಳುವುದು ಗೃಹಸ್ಥರ ಕರ್ತವ್ಯ.